ಕತ್ತು ನೋಡುವ ಹಲ್ಲಿನ ಡಾಕ್ಟರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಗುಂಡ್ಲುಪೇಟೆಯ ಅರ್ಧ ಜನಕ್ಕೆ ಇವರೇ ಎಂದು ಗೊತ್ತಾಗುತ್ತದೆ. ಬರೆಯದಿದ್ದರೂ, ಹಲ್ಲು ನೋವು ಎಂದು ಹೋದರೆ ಕತ್ತು ಹಿಡಿಯುತ್ತಿದ್ದ ಡಾಕ್ಟರು ಯಾರು ಎಂದು ಕೇಳಿದರೆ ಸಾಕು, ಉಳಿದರ್ಧವೂ ಹೇಳಿಬಿಡುತ್ತದೆ. ಕಳೆದ ತಿಂಗಳು ಅಮ್ಮ ಫೋನಿನಲ್ಲಿ ಊರ ಸುದ್ದಿಯನ್ನೆಲ್ಲ ಹೇಳಿ, ಈರುಳ್ಳಿ ರೇಟು ಬಿದ್ದದ್ದನ್ನೂ ಹೇಳಿ, ಇನ್ನೇನು ಇಡಬೇಕು ಅನ್ನುವಾಗ, "ನಿನ್ ಡಾಕ್ಟ್ರು ಓಗ್ಬುಟ್ರಂತೆ ಕಣಮ್ಮಿ" ಎಂದಳು. ನಾನು ಫೋನ್ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋಗಿ ನಿಂತೆ. ಅವರ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಎರಡು ಕೈ ಮಾತ್ರ ಬಂದವು. ಅವರು ಯಾವಾಗಲೂ ನಮ್ಮ ಬೆನ್ನ ಹಿಂದೆ ನಿಲ್ಲುತ್ತಿದ್ದರು, ಅದಕ್ಕೇ ಇರಬೇಕು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಅವರನ್ನು ಹೆಚ್ಚಾಗಿ ಕಂಡದ್ದು ಜ್ವರದ ಒಳಗಿನಿಂದ. ಆ ಎರಡು ಮೂರು ತಿಂಗಳಲ್ಲಿ ಕಂಡದ್ದು ಯಾವುದು, ಕನಸು ಯಾವುದು ಎಂದು ಇವತ್ತಿಗೂ ನನಗೆ ಸರಿಯಾಗಿ ಬಿಡಿಸಲು ಬರುವುದಿಲ್ಲ. ಕ್ಲಿನಿಕ್ಕಿನೊಳಗೆ ಬಿಳಿ ಕೊಕ್ಕರೆಗಳು ಇಳಿಯುತ್ತಿದ್ದವು ಎಂದು ನನ್ನ ನೆನಪು. ಅವು ಕೊಕ್ಕರೆಯಲ್ಲ, ಕಿಟಕಿಯ ಪರದೆ ಎಂದು ಅಮ್ಮ ಹೇಳುತ್ತಾಳೆ. ಇರಬಹುದು. ಆದರೆ ಹತ್ತಿರ ಹೋದರೆ ಅವು ಹಾರಿಹೋಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಹೆದ್ದಾರಿಯ ಪಕ್ಕ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಿನಿಕ್ಕು. ಕೇರಳಕ್ಕೆ ತರಕಾರಿ ಹೊತ್ತ ಲಾರಿ ಕೆಳಗೆ ಹೋದಾಗಲೆಲ್ಲ ಬಾಯಿ ಮುಕ್ಕಳಿಸಲು ಇಟ್ಟ ಲೋಟದ ನೀರು ನಡುಗುತ್ತಿತ್ತು. ಲವಂಗದೆಣ್ಣೆಯ ವಾಸನೆಗೆ ಕೆಳಗಿನ ರಬ್ಬರಿನ ವಾಸನೆ ಸೇರಿ, ಅಲ್ಲಿ ಕೂತರೆ ಸುಮ್ಮನೆ ಕಣ್ಣು ಎಳೆಯುತ್ತಿತ್ತು. ಹೋದವರನ್ನು ಕುರ್ಚಿಯಲ್ಲಿ ಕೂರಿಸಿ ಅವರು ಹಿಂದಕ್ಕೆ ಬರುತ್ತಿದ್ದರು. "ಗದ್ದ ಒಂಚೂರು ಕೆಳಕ್ಕೆ" ಎನ್ನುತ್ತಿದ್ದರು. ಎರಡೂ ಕೈಯ ಬೆರಳುಗಳು ಕಿವಿಯ ಹಿಂದಿನಿಂದ ಹೊರಟು, ದವಡೆಯ ಅಂಚಿನಲ್ಲಿ ನಡೆದು, ಗದ್ದದ ಕೆಳಗೆ ಒಂದಕ್ಕೊಂದು ಭೇಟಿಯಾಗಿ, ಮತ್ತೆ ಕತ್ತಿನ ಎರಡು ಬದಿಯಲ್ಲೂ ಇಳಿದು ಭುಜದ ಮೂಳೆಯವರೆಗೆ ಹೋಗುತ್ತಿದ್ದವು. ಅಷ್ಟು ಹೊತ್ತೂ ಅವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರಂತೆ. ಇದಾದ ಮೇಲೆಯೇ ಬಾಯಿ ತೆರೆಸುತ್ತಿದ್ದದ್ದು.

ಹೊಸಬರಿಗೆ ಇದು ವಿಚಿತ್ರವೇ. ಒಮ್ಮೆ ಒಬ್ಬ ಮಲಯಾಳಿ ಲಾರಿ ಡ್ರೈವರು ಹಲ್ಲು ನೋವಿನಿಂದ ಒದ್ದಾಡುತ್ತ ಮಹಡಿ ಹತ್ತಿದನಂತೆ. ಇವರು ಅಭ್ಯಾಸಬಲದಿಂದ, "ಕತ್ತು ತೋರ್ಸಪ್ಪ" ಎಂದರಂತೆ. ಅವನು ಒಂದು ಗಳಿಗೆ ಇವರ ಮುಖ ನೋಡಿ, ಅಂಗಿಯ ಜೇಬಿಗೆ ಕೈ ಹಾಕಿ, ಹೆಂಡತಿ ಬರೆದ ಕಾಗದವನ್ನು ತೆಗೆದು ಕೊಟ್ಟನಂತೆ. ಅವನ ಭಾಷೆಯಲ್ಲಿ ಕತ್ತು ಎಂದರೆ ಕಾಗದ. "ಏನ್ಮಾಡದು, ಇಸ್ಕಂಡು ನೋಡ್ದಂಗ್ ಮಾಡ್ದೆ. ಹೆಂಗ್ಸಿನ ಅಕ್ಷರ, ಮಣಿ ಪೋಣಿಸ್ದಂಗಿತ್ತು. ಮಡಚಿ ಜೇಬಿಗಿಟ್ಟು, ಆಮೇಲೆ ನನ್ ಕತ್ತು ತೋರ್ಸಿ, ಇದು ಕಣಪ್ಪ, ಇದು, ಅಂದೆ" ಎಂದು ಅವರು ಈ ಕತೆಯನ್ನು ಎಲ್ಲರಿಗೂ ಹೇಳುತ್ತಿದ್ದರು. ನನಗೇ ನಾಲ್ಕು ಸಲ ಹೇಳಿದ್ದಾರೆ.

ಹೆಂಗಸರು ಬಂದರೆ ಮೊದಲು ತಾವು ಮುಟ್ಟುತ್ತಿರಲಿಲ್ಲ. ಜೊತೆಗೆ ಬಂದ ತಾಯಿಯನ್ನೋ ಅತ್ತೆಯನ್ನೋ ಕರೆದು ಮುಟ್ಟಿಸುತ್ತಿದ್ದರು. ಅದಕ್ಕಾಗಿ ಮೇಜಿನ ಮೇಲೆ ಒಂದು ಒಗ್ಗರಣೆ ಡಬ್ಬಿ ಇತ್ತು. ಸಾಸಿವೆ ಜೀರಿಗೆ ಇರಬೇಕಾದ ಬಟ್ಟಲುಗಳಲ್ಲಿ ಹುರುಳಿ, ಹುಣಸೆ ಬೀಜ, ನೆನೆಸಿದ ಅವರೆಕಾಳು, ಸಣ್ಣ ಈರುಳ್ಳಿ. "ಬೆರಳಿಗೆ ಸಿಕ್ಕಿದ್ದು ಇದ್ರಲ್ಲಿ ಯಾವ್ದ್ರಂಗದ, ಹೇಳಿ ತಾಯಿ" ಎಂದು ಕೇಳುತ್ತಿದ್ದರು. ಆ ಹೆಂಗಸು ಹೇಳಿದ್ದನ್ನೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಎಡಗಡೆ, ಹುರುಳಿ, ಒಂದು, ನೋವಿಲ್ಲ. ಆ ರಿಜಿಸ್ಟರನ್ನು ಯಾರಾದರೂ ನೋಡಿದ್ದರೆ ದಿನಸಿ ಅಂಗಡಿಯ ಪಟ್ಟಿ ಎಂದುಕೊಳ್ಳುತ್ತಿದ್ದರು.

ಈಗ ನನ್ನ ವಿಷಯ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ನನಗೆ ಇಪ್ಪತ್ತೆರಡು. ಅಪ್ಪ ತರಕಾರಿ ಮಂಡಿಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದರು. ಬೇಗೂರಿನ ಒಂದು ಮನೆಯವರು ನನ್ನನ್ನು ನೋಡಿ ಒಪ್ಪಿ ಹೋಗಿದ್ದರು, ಶಾಸ್ತ್ರಕ್ಕೆ ದಿನ ಇಡುವುದೊಂದೇ ಬಾಕಿ. ಹುಡುಗನನ್ನು ನಾನು ಕಂಡದ್ದು ಒಂದೇ ಸಲ. ಕಾಫಿ ಕೊಡಲು ಹೋದಾಗ, "ಬಿಸಿ ಅದ, ಉಷಾರು" ಎಂದು ಅವರೇ ನನಗೆ ಹೇಳಿದ್ದರು. ಆ ಒಂದು ಮಾತನ್ನು ಇಟ್ಟುಕೊಂಡು ನಾನು ಮನಸ್ಸಿನಲ್ಲಿ ಸಂಸಾರವನ್ನೇ ಹೂಡಿಬಿಟ್ಟಿದ್ದೆ.

ಅಷ್ಟರಲ್ಲಿ ಎಡಗಿವಿಯ ಕೆಳಗೆ, ಸ್ವಲ್ಪ ಹಿಂದಕ್ಕೆ, ಮೂರು ಗಂಟು ಸಾಲಾಗಿ ಎದ್ದವು. ಮುಟ್ಟಿದರೆ ನೋವು. ಬಾಯಿಯ ಒಳಗೆ ಹುಣ್ಣು. ಜ್ವರವೆಂಬುದು ನಾಲ್ಕು ಗಂಟೆಯ ಬಸ್ಸಿನ ಹಾಗೆ ದಿನವೂ ಹೊತ್ತಿಗೆ ಸರಿಯಾಗಿ ಬಂದು, ರಾತ್ರಿ ಊಟದ ಹೊತ್ತಿಗೆ ನನ್ನನ್ನು ಇಳಿಸಿ ಹೋಗುತ್ತಿತ್ತು. ಬುದ್ಧಿಹಲ್ಲು ಬರುತ್ತಿದೆ, ಅದಕ್ಕೇ ಇಷ್ಟೆಲ್ಲ ಎಂದು ಅಮ್ಮನ ತೀರ್ಮಾನ. ಆದರೆ ಬೀದಿಯ ತೀರ್ಮಾನ ಬೇರೆ. ನೀರು ಹಿಡಿಯಲು ಹೋದಲ್ಲಿ ಯಾರೋ ನನ್ನ ಕತ್ತು ನೋಡಿ, "ಗಂಡಮಾಲೆ ಕಣಮ್ಮಿ ಇದು" ಎಂದರು. ಆ ಮಾತು ನನಗಿಂತ ಮೊದಲು ಮನೆ ಸೇರಿತು.

ಗಂಡಮಾಲೆ ಎನ್ನುವುದು ಕತ್ತಿನಲ್ಲಿ ಸಾಲಾಗಿ ಗಂಟು ಏಳುವ ಕಾಯಿಲೆಗೆ ಹಳಬರು ಇಟ್ಟ ಹೆಸರು. ಹೆಸರಿನಲ್ಲಿರುವ ಗಂಡ ಎಂದರೆ ಗಂಟು, ಸಂಸ್ಕೃತದ ಮಾತು. ಅದು ನಮ್ಮ ಕಡೆಯವರಿಗೆ ಹೇಗೆ ಗೊತ್ತಾಗಬೇಕು? ಗಂಡ ಎಂದರೆ ಗಂಡ. ಗಂಡಮಾಲೆ ಎದ್ದ ಹುಡುಗಿ ಗಂಡನಿಗೆ ಆಗಿಬರುವವಳಲ್ಲ ಎಂದೇ ಎಲ್ಲರೂ ನಂಬಿದ್ದರು. ಅದಕ್ಕೆ ಮದ್ದು ಎಂದರೆ ಗಂಟಿನ ಮೇಲೆ ಕಾದ ಕಬ್ಬಿಣದ ಬರೆ. ಬರೆ ಹಾಕುವವನೊಬ್ಬ ಇದ್ದಾನೆ, ವಾರದೊಳಗೆ ಕರೆದುಕೊಂಡು ಹೋಗುವುದು ಎಂದು ಮನೆಯಲ್ಲಿ ಮಾತಾಯಿತು. ನನಗೆ ಬರೆಯ ಹೆದರಿಕೆಗಿಂತ ಬೇಗೂರಿನವರಿಗೆ ಗೊತ್ತಾದರೆ ಎನ್ನುವ ಹೆದರಿಕೆಯೇ ಹೆಚ್ಚಾಗಿತ್ತು.

ಅದಕ್ಕೆ ಮುಂಚೆ ಹಲ್ಲು ಕೀಳಿಸಿ ನೋಡೋಣ ಎಂದು ಅಮ್ಮ ನನ್ನನ್ನು ಆ ಮಹಡಿ ಹತ್ತಿಸಿದಳು.

"ಅಲ್ ಕಿತ್ತಾಕ್ಬುಡಿ ಬುದ್ದಿ, ಎಲ್ಲಾ ಇಳ್ದೋಯ್ತದ" ಎಂದಳು.

"ಅಲ್ಲು ಏನ್ ತಪ್ಪು ಮಾಡ್ಯದವ್ವ? ಮೊದ್ಲು ನಿಮ್ ಕೈ ಇಲ್ ಕೊಡಿ" ಎಂದು ಅವರು ಅಮ್ಮನ ಬೆರಳುಗಳನ್ನು ನನ್ನ ಕತ್ತಿನ ಮೇಲೆ ಇಡಿಸಿದರು. ಅಮ್ಮ ಡಬ್ಬಿಯ ಎಲ್ಲ ಬಟ್ಟಲನ್ನೂ ಮುಟ್ಟಿ ಮುಟ್ಟಿ ನೋಡಿ, ಕೊನೆಗೆ ನೆನೆಸಿದ ಅವರೆಕಾಳನ್ನು ತೋರಿಸಿದಳು. ಆಮೇಲೆ ಅವರು ಮುಟ್ಟಿದರು. ಆ ಬೆರಳುಗಳು ತಣ್ಣಗಿದ್ದವು. ಜ್ವರದಲ್ಲಿ ನನಗೆ ಹೊಳೆಯ ನೀರಿನಲ್ಲಿ ಕತ್ತಿನವರೆಗೆ ನಿಂತ ಹಾಗೆನಿಸಿ, ಅವರು ಕೈ ತೆಗೆಯದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ.

ತುಂಬ ಹೊತ್ತಿನ ಮೇಲೆ ಅವರು, "ಇದೇನು ಅಂತ ನಂಗ್ ಗೊತ್ತಿಲ್ಲ" ಎಂದರು. ಬೇರೆ ಡಾಕ್ಟರು ಔಷಧಿಯ ಹೆಸರು ಹೇಳುವಷ್ಟೇ ಸಲೀಸಾಗಿ ಹೇಳಿದರು. ಅಮ್ಮ ಗಾಬರಿಯಾಗಿ ಬರೆಯ ವಿಷಯ ಬಾಯಿಬಿಟ್ಟಳು. ಅವರು ಬೈಯಲಿಲ್ಲ. "ಬರೆ ಆಕುದ್ರೆ ಗಂಟು ಬೆಂದೋಯ್ತದ. ಆಮೇಲೆ ಅದ್ಯಾವ ಗಂಟು ಅಂತ ದೇವ್ರಿಗೂ ಗೊತ್ತಾಗಕಿಲ್ಲ. ಕ್ಷಯ ಇರ್ಬೋದು, ಇಲ್ದೆ ಇರ್ಬೋದು, ಅದ್ಕಿಂತ ಕೆಟ್ಟದೂ ಇರ್ಬೋದು. ನಂಗೊಂದ್ ಹದಿನೈದು ದಿನ ಕೊಡಿ ತಾಯಿ" ಎಂದು ಕೇಳಿಕೊಂಡರು. ಅದ್ಕಿಂತ ಕೆಟ್ಟದು ಏನೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಆಗಲೆಂದು ತಲೆಯಾಡಿಸಿದಳು.

ಚಾಮರಾಜನಗರದಲ್ಲಿ ಅವರ ಜೊತೆ ಓದಿದ ಒಬ್ಬ ಸರ್ಜನ್ ಇದ್ದರು. ಒಂದು ಗಂಟನ್ನು ಪೂರ್ತಿ ತೆಗೆದು ಮೈಸೂರಿಗೆ ಪರೀಕ್ಷೆಗೆ ಕಳಿಸಬೇಕು ಎಂದಾಯಿತು. ಕ್ಲಿನಿಕ್ಕಿಗೆ ಬೀಗ ಹಾಕಿ ಅವರೂ ನಮ್ಮ ಜೊತೆ ಬಸ್ಸು ಹತ್ತಿದರು. ಆ ಪ್ರಯಾಣ ನನಗೆ ಎಷ್ಟು ಉದ್ದವಾಗಿತ್ತೋ. ಕಿಟಕಿಯ ಆಚೆ ಚೆಂಡುಹೂವಿನ ಹೊಲ ಮುಗಿದರೆ ಸೂರ್ಯಕಾಂತಿ, ಅದು ಮುಗಿದರೆ ಮತ್ತೆ ಚೆಂಡುಹೂವು. ಹಳದಿ ಬಿಸಿಲು ಹೊಲದಿಂದ ಬರುತ್ತಿದೆಯೋ ಹೊಲಕ್ಕೆ ಹೋಗುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದೆ. ಮುಂದಿನ ಸೀಟಿನಿಂದ ಅವರ ಮಾತು ಕೇಳಿಬರುತ್ತಿತ್ತು.

"ನಮ್ಮಪ್ಪ ಚಂದಕವಾಡಿ ಕಡೆ ದನದ ದಲ್ಲಾಳಿ ಕಣವ್ವ. ಎತ್ತಿನ ಬಾಯಿ ತೆಗ್ದು ಅಲ್ ಎಣಿಸಿ ವಯಸ್ಸೇಳೋನು. ಆದ್ರೆ ಬಾಯಿಗಿಂತ ಮುಂಚೆ ಕತ್ ಮುಟ್ಟೋನು. ಮಾರೋರು ನೊಗದ ಬಾವು ಕಾಣ್ದಂಗೆ ಎಣ್ಣೆ ಅರಿಶಿನ ಬಳ್ದಿರ್ತಾರ. ಕಣ್ಣಿಗ್ ಕಾಣಾಕಿಲ್ಲ, ಕೈಗ್ ಸಿಕ್ತದ. ನಾನು ಓದಿದ್ದು ದೊಡ್ ಕಾಲೇಜಲ್ಲೇ, ಆದ್ರೆ ಕೈ ಕಲ್ತಿದ್ದು ಅಪ್ಪನ್ ಅತ್ರ."

"ಅಂಗಾರ ನೀವು ನಮ್ನೂ ಎತ್ತಂತ್ಲೇ ನೋಡೋದು ಅನ್ನಿ" ಎಂದಳು ಅಮ್ಮ.

"ಎತ್ತು ಬಾಯ್ ತೆಗಿ ಅಂದ್ರೆ ತೆಗೀತದ. ನಿಮ್ ಮಗಳು ತೆಗಿಯಾಕಿಲ್ಲ" ಎಂದು ಅವರು ನಕ್ಕರು. ಅದನ್ನು ಕೇಳುತ್ತ ಕೇಳುತ್ತ ನನಗೆ ಜೋಂಪು ಹತ್ತಿತು. ಚೆಂಡುಹೂವಿನ ಹೊಲದ ತುಂಬ ಬಿಳಿ ಎತ್ತುಗಳು ನಿಂತು ಬಾಯಿ ತೆರೆದು ನಗುತ್ತಿದ್ದವು, ಅಪ್ಪ ಮಂಡಿಯ ತಕ್ಕಡಿಯಲ್ಲಿ ನನ್ನನ್ನು ಕೂರಿಸಿ ಮತ್ತೊಂದು ತಟ್ಟೆಗೆ ಅವರೆಕಾಳು ಸುರಿಯುತ್ತಿದ್ದರು. ಎಷ್ಟು ಸುರಿದರೂ ನನ್ನ ತಟ್ಟೆ ಏಳುತ್ತಿರಲಿಲ್ಲ. ಎಚ್ಚರವಾದಾಗ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅವರು ನನ್ನ ಚಪ್ಪಲಿಗಳನ್ನು ಸೀಟಿನ ಕೆಳಗಿನಿಂದ ಹುಡುಕಿ ತೆಗೆದು ಎದುರಿಗೆ ಜೋಡಿಸುತ್ತಿದ್ದರು. ಇದು ಕನಸಲ್ಲ, ಅಮ್ಮನೂ ನೋಡಿದ್ದಾಳೆ.

ಗಂಟು ತೆಗೆದರು. ನಾಲ್ಕು ಹೊಲಿಗೆ ಬಿತ್ತು. ಹನ್ನೆರಡನೆಯ ದಿನ ಮೈಸೂರಿನಿಂದ ಕಾಗದ ಬಂದಾಗ ಅವರೇ ಸ್ಕೂಟರ್ ಹಾಕಿಕೊಂಡು ಮನೆಗೆ ಬಂದರು. ಕಂಕುಳಲ್ಲಿ ನ್ಯೂಸ್ ಪೇಪರು ಸುತ್ತಿದ ದಪ್ಪ ಪುಸ್ತಕ. ಜಗಲಿಯ ಮೇಲೆ ಕೂತು, ಪುಸ್ತಕ ಬಿಚ್ಚಿ, ಒಂದು ಚಿತ್ರದ ಮೇಲೆ ಬೆರಳಿಟ್ಟು, "ಕಿಕುಚಿ" ಎಂದರು. ಜಪಾನಿನಲ್ಲಿ ಮೊದಲು ಗುರುತಿಸಿದ ಕಾಯಿಲೆಯಂತೆ. ಹರೆಯದ ಹೆಣ್ಣುಮಕ್ಕಳಿಗೇ ಹೆಚ್ಚಂತೆ. ನೋಡಿದರೆ ಕ್ಷಯದ ಹಾಗೆ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದರ ಹಾಗೆ ಕಾಣುತ್ತದಂತೆ, ಆದರೆ ಎರಡೂ ಅಲ್ಲ. ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. "ನಾನೂ ಪುಸ್ತಕದಲ್ ಓದಿದ್ದು ಅಷ್ಟೇ. ನನ್ ಕೈಗ್ ಸಿಕ್ಕಿರ್ಲಿಲ್ಲ" ಎಂದರು.

"ಮದ್ದೇನು ಬುದ್ದಿ?" ಎಂದು ಅಮ್ಮ ಕೇಳಿದಳು.

"ಜ್ವರಕ್ ಮಾತ್ರೆ. ಮಿಕ್ಕಿದ್ದು ಕಾಯೋದು."

"ಕಾಯೋದ್ಕೂ ಡಾಕ್ಟ್ರು ಬೇಕಾ?"

"ಕಾಯಾಕೇ ಬೇಕಾಗೋದು ತಾಯಿ. ಬರೆ ಆಕಾಕೆ ಯಾರಾದ್ರೂ ಆಯ್ತದ."

ಅಮ್ಮ ಅದನ್ನು ಬೀದಿಯಲ್ಲೆಲ್ಲ "ಕುಚ್ಚಿಕ್ಕಿ" ಎಂದು ಸಾರಿದಳು. ಗಂಡಮಾಲೆಯಲ್ಲ, ಕುಚ್ಚಿಕ್ಕಿ. ಕೇಳಿದವರು ಅದು ಯಾವುದೋ ಹೊಸ ನಮೂನೆಯ ಒಡವೆ ಇರಬೇಕು ಎನ್ನುವ ಹಾಗೆ ನನ್ನ ಕತ್ತು ನೋಡುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗಿ ತೋರಿಸಿ ಬರುತ್ತಿದ್ದೆ. ರಿಜಿಸ್ಟರಿನಲ್ಲಿ ನನ್ನ ಅವರೆಕಾಳು ಹುಣಸೆ ಬೀಜವಾಯಿತು, ಆಮೇಲೆ ಹುರುಳಿಯಾಯಿತು. ನಾಲ್ಕು ಗಂಟೆಯ ಜ್ವರ ಒಂದು ದಿನ ಬರಲಿಲ್ಲ. ಅವತ್ತು ಸಂಜೆಯೆಲ್ಲ ಅದಕ್ಕಾಗಿ ಕಾದು ಕೂತಿದ್ದೆ, ಯಾಕೋ ಸ್ವಲ್ಪ ಬೇಸರವೇ ಆಯಿತು.

ಅಷ್ಟರಲ್ಲಿ ಸುದ್ದಿ ಬೇಗೂರಿಗೆ ಮುಟ್ಟಿತ್ತು. ಹುಡುಗನ ಅಪ್ಪ ಮತ್ತು ಅಜ್ಜಿ ಒಂದು ದಿನ ನೇರವಾಗಿ ಕ್ಲಿನಿಕ್ಕಿಗೇ ಬಂದರು. ಅವತ್ತು ನಾನೂ ಅಮ್ಮನೂ ಅಲ್ಲೇ ಇದ್ದೆವು. ಅಜ್ಜಿ ಮಹಡಿ ಹತ್ತಿದ ಸುಸ್ತಿಗೆ ಹಲ್ಲಿನ ಕುರ್ಚಿಯ ಮೇಲೇ ಕೂತು, "ಇವ್ಳಿಗ ಗಂಡಮಾಲೆಯಂತಲ್ಲ" ಎಂದು ಶುರು ಮಾಡಿದರು.

"ಅಲ್ಲ ಕಣಜ್ಜಿ. ಇದು ಅದಲ್ವೇ ಅಲ್ಲ. ಅದೇ ಆಗಿದ್ರೂ ಅದ್ರಲ್ಲಿ ಗಂಡ ಅಂದ್ರೆ ಗಂಡ ಅಲ್ಲ. ಸಂಸ್ಕೃತದಲ್ಲಿ ಗಂಟು ಅಂತ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನನ್ ಮೊಮ್ಮಗ ಸಂಸ್ಕೃತದಲ್ ಗಂಡ ಆಗಾಕೋಗ್ತಿಲ್ಲ ಕಣಪ್ಪ. ಬೇಗೂರಲ್ ಗಂಡ ಆಯ್ತಾವ್ನ" ಎಂದರು.

ಡಾಕ್ಟರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. ಅಜ್ಜಿಯೂ ನಕ್ಕರು. ಸಂಬಂಧ ಉಳಿಯಿತು ಎಂದು ನನಗೆ ಆಗ ಅನಿಸಿದ್ದು ನಿಜ. ಹುಡುಗನ ಅಪ್ಪ ಒಳ್ಳೆಯ ಮನುಷ್ಯರು, ಮೆತ್ತಗೆ, "ಒಂದ್ ಚೀಟಿ ಬರ್ಕೊಡಿ ಸಾರ್, ನೆಂಟ್ರಿಗ್ ತೋರ್ಸಾಕೆ" ಎಂದರು. ಡಾಕ್ಟರು ಕೂಡಲೇ ಬರೆದರು. ಇದು ಗಂಡಮಾಲೆಯಲ್ಲ, ಕ್ಷಯವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಮದುವೆಗೆ ಅಡ್ಡಿಯಿಲ್ಲ. ಹುಡುಗನ ಅಪ್ಪ ಓದಿ, "ಇನ್ನು ಬರಾದಿಲ್ಲ ಅಂತ ಒಂದ್ ಸಾಲು" ಎಂದರು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಅದಾಗಲ್ಲ. ಎಚ್ಚಿನೋರ್ಗ ಮತ್ತೆ ಬರಲ್ಲ. ಒಬ್ಬೊಬ್ರಿಗ ಬತ್ತದ. ಬಂದ್ರೂ ಇಂಗೇ ಓಯ್ತದ. ಕೆಲವು ವರ್ಷ ಆಗಾಗ ತೋರಿಸ್ಕಬೇಕು, ಅಷ್ಟೇಯ."

"ಒಂದ್ ಸಾಲು ಕಣ್ ಬುದ್ದಿ" ಎಂದು ಅಮ್ಮ ಕೈ ಮುಗಿದಳು. ಅಮ್ಮ ಕೈ ಮುಗಿದದ್ದನ್ನು ನಾನು ದೇವಸ್ಥಾನ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಕೆಳಗೆ ಲಾರಿ ಹೋಯಿತು, ಲೋಟದ ನೀರು ನಡುಗಿತು. ಡಾಕ್ಟರು ಬರೆಯಲಿಲ್ಲ. ಮರುವಾರ ಬೇಗೂರಿನಿಂದ, ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದರು. ಆ ಸದ್ಯ ಮುಗಿಯಲೇ ಇಲ್ಲ.

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಯಿಲೆಯ ಮೇಲೂ ಅಷ್ಟು ಬಂದಿರಲಿಲ್ಲ. ನನ್ನ ಚಪ್ಪಲಿ ಜೋಡಿಸಿದ ಕೈ ನನಗಾಗಿ ಒಂದು ಸುಳ್ಳು ಬರೆಯಲಿಲ್ಲವಲ್ಲ ಎಂದು ಅತ್ತೆ. ಬುದ್ಧಿಹಲ್ಲು ನಿಜಕ್ಕೂ ಕಾಡತೊಡಗಿ ತಡೆಯಲಾಗದೆ ಹೋದಾಗ, ಎಂಟು ತಿಂಗಳ ಮೇಲೆ, ಮತ್ತೆ ಆ ಮಹಡಿ ಹತ್ತಿದೆ. ಹೋದ ಕೂಡಲೇ, "ಒಂದು ಸಾಲು ಬರೆದಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು ಸಾರ್?" ಎಂದು ಕೇಳಿಯೇ ಬಿಟ್ಟೆ. ಅವರು ಕತ್ತು ನೋಡಿದರು, ಸೂಜಿ ಕೊಟ್ಟರು, ಹಲ್ಲು ಕಿತ್ತರು. ಬಾಯಿಗೆ ಹತ್ತಿ ತುರುಕಿ, ಕಚ್ಚಿಕೋ ಎಂದು ಹೇಳಿದ ಮೇಲೆ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ಎದುರು ಮಾತಾಡಲು ಆಗದವರ ಹತ್ತಿರವೇ ಅವರು ಮನಸ್ಸು ಬಿಚ್ಚುತ್ತಿದ್ದದ್ದು.

"ಬರ್ದಿದ್ರೆ ಮದ್ವೆ ಆಗೋದು. ಆಮೇಲೆ ಯಾವತ್ತೋ ಗಂಟು ಬರೋದು. ಬರಾದಿಲ್ಲ ಅಂತ ಚೀಟಿ ಕೊಟ್ಟು ಬಂದಿರೋಳು ಆ ಮನೇಲಿ ಯಾರ್ಗ್ ಹೇಳೀಯೆ? ಸೆರಗು ಮೇಲಕ್ ಎಳ್ಕತಿದ್ದೆ. ಕಿಕುಚಿನೇ ಆಗಿದ್ರೆ ಸರಿ. ಬ್ಯಾರೆ ಏನಾರ ಆಗಿದ್ರೂ ಎಳ್ಕತಿದ್ದೆ. ಅದು ನನ್ ಕೈಬರಹದ್ ಮೇಲೆ ಆಗೋದ್ ಬ್ಯಾಡ ಅನ್ಸ್ತು ಮಗ."

ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋವೆಂದುಕೊಂಡು ಇನ್ನೊಂದು ಮಾತ್ರೆ ಜಾಸ್ತಿ ಬರೆದುಕೊಟ್ಟರು. ಮಹಡಿ ಇಳಿಯುವಾಗಲೂ ನನ್ನ ಸಿಟ್ಟು ಪೂರ್ತಿ ಹೋಗಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಮುಂದೆ ಚಾಮರಾಜನಗರದ ಸ್ಕೂಲೊಂದರಲ್ಲಿ ಗುಮಾಸ್ತರಾಗಿರುವವರು ನನ್ನನ್ನು ನೋಡಲು ಬಂದರು. ಕಾಫಿಗೆ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಒಳಗಿನಿಂದ ಪಾತ್ರೆ ಸದ್ದು ಮಾಡಿ ತಡೆಯಲು ನೋಡಿದಳು. ಅವರು ಕೇಳಿದ್ದು ಒಂದೇ ಮಾತು, "ಈಗ ನೋಯ್ತದಾ?" ಎಂದು. ಇಲ್ಲ ಎಂದೆ. ಮದುವೆಯಾಯಿತು.

ಮೂರು ವರ್ಷ ಕಳೆದು ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಬೆರಳಿಗೆ ಏನೋ ಸಿಕ್ಕಿತು. ಈ ಸಲ ಬಲಗಡೆ. ಅಡುಗೆಮನೆಯಿಂದ ನನ್ನ ಗಂಡ, ಕುಕ್ಕರಿನ ಸೀಟಿ ಎಷ್ಟಾಯ್ತು ಎಂದು ಕೂಗಿ ಕೇಳುತ್ತಿದ್ದರು. ನಾನು ಉತ್ತರ ಕೊಡುವ ಮೊದಲು ಸೆರಗನ್ನು ಎಳೆದು ಕತ್ತು ಮುಚ್ಚಿಕೊಂಡೆ. ಮುಚ್ಚಿಕೊಂಡ ಮೇಲೆಯೇ ಏನು ಮಾಡಿದೆನೆಂದು ನನಗೆ ಗೊತ್ತಾದದ್ದು. ಯಾರಿಗೂ ಚೀಟಿ ಕೊಟ್ಟು ಬಂದವಳಲ್ಲ, ಮುಚ್ಚಿಡುವಂಥದ್ದೇನೂ ಆ ಮನೆಯಲ್ಲಿರಲಿಲ್ಲ. ಆದರೂ ಸೆರಗು ಮೇಲಕ್ಕೆ ಬಂದಿತ್ತು. ಅದನ್ನು ಇಳಿಸಲು ನನಗೆ ದಿನಗಳು ಹಿಡಿದವು. ಕೊನೆಗೆ ಒಂದು ಸಂಜೆ ಗಂಡನಿಗೆ ಹೇಳಿದೆ, ಅವತ್ತೇ ಸಿಕ್ಕಿತೆನ್ನುವ ಹಾಗೆ. ಬೆಳಿಗ್ಗೆ ಗುಂಡ್ಲುಪೇಟೆಗೆ ಹೊರಟೆವು.

ಡಾಕ್ಟರು ಸೊರಗಿದ್ದರು. ನನ್ನ ಗಂಡನನ್ನು ಕರೆದು, ಮೊದಲು ಅವರಿಂದಲೇ ಮುಟ್ಟಿಸಿದರು. ಆಮೇಲೆ ತಾವು ಹಿಂದೆ ನಿಂತರು.

"ಎಷ್ಟ್ ದಿನ ಆಯ್ತು?"

"ನೆನ್ನೆಯಿಂದ ಸಾರ್" ಎಂದೆ.

ಬೆರಳುಗಳು ನಿಂತವು. "ನೆನ್ನೆದಲ್ಲ ಇದು."

ಕೆಳಗೆ ಲಾರಿಯೊಂದು ದಾಟಿಹೋಯಿತು. "ಎಂಟು ದಿನ" ಎಂದೆ. ನನ್ನ ಗಂಡ ನನ್ನ ಮುಖವನ್ನು ನೋಡಿದ ರೀತಿಗೆ ನೆಲ ನೋಡುವುದು ಬಿಟ್ಟು ನನಗೆ ಬೇರೆ ದಾರಿಯಿರಲಿಲ್ಲ. ಡಾಕ್ಟರು ಕೈ ತೆಗೆಯದೆಯೇ ಅವರ ಕಡೆ ತಿರುಗಿ ಹೇಳಿದರು.

"ಎಂಟೇ ದಿನಕ್ಕೆ ಹೇಳವ್ಳೆ. ನೀನು ಒಳ್ಳೆಯವ್ನೇ ಇರ್ಬೇಕು ಕಣಪ್ಪ."